ಜೇಡಿಪುರದಲ್ಲಿ ತಟ್ಟದೆ ಕೊಟ್ಟ ಮಡಕೆ

ಮೊದಲೇ ಹೇಳಿಬಿಡ್ತೀನಿ ಕೂಸೇ, ಈ ಕತೇಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ದೀಪ ಮುಟ್ಟಿ ಆಣೆ ಮಾಡ್ತೀನಿ, ದೀಪ ಬಿಸಿ ಅಂದರೆ ದಿಂಬು ಮುಟ್ಟಿ ಮಾಡ್ತೀನಿ. ದಿನಾ ಕತೆ ಹೇಳೋ ಅಜ್ಜಿಗೆ ಇವತ್ತು ಗಂಟಲು ಕಟ್ಟಿದೆ, ಅದಕ್ಕೇ ನಿನ್ನ ಸೋದರಮಾವ ನಾನು ಹೇಳ್ತಾ ಇದ್ದೀನಿ. ಅಜ್ಜಿಗಿಂತ ಇವನೇ ಚೆನ್ನಾಗಿ ಹೇಳ್ತಾನೆ ಅಂತ ಸುತ್ತ ನಾಲ್ಕು ಊರಲ್ಲಿ ಮಾತಿದೆ, ಆ ಮಾತು ಹುಟ್ಟಿಸಿದ್ದೂ ನಾನೇ. ಅಜ್ಜಿ ಅಲ್ಲೇ ಗೋಡೆ ಕಡೆ ತಿರುಗಿ ಮಲಗಿದಾಳೆ ನೋಡು, ನನ್ನ ಬಾಯಲ್ಲಿ ಸುಳ್ಳು ಬಂದರೆ ಕೆಮ್ಮುತಾಳೆ. ಆಚೆ ಕೋಣೇಲಿ ನಿಮ್ಮಮ್ಮ ಹಪ್ಪಳ ಕಟ್ಟು ಕಟ್ತಾ ಕಿವಿ ಮಾತ್ರ ಇಲ್ಲೇ ಬಿಟ್ಟಿದಾಳೆ, ಯಾಕಂದರೆ ಹಪ್ಪಳದ ಅಂಗಡಿಗೆ ವ್ಯಾಪಾರ ಕುದುರಿಸೋದು ಹೆಂಗಣ್ಣ ಅಂತ ಬೆಳಿಗ್ಗೆಯಿಂದ ಮೂರು ಸಲ ಕೇಳಿದಾಳೆ. ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಕತೆ.

ಒಂದಾನೊಂದು ಕಾಲದಲ್ಲಿ, ಅಂದರೆ ನಮ್ಮಜ್ಜಿಯ ಅಜ್ಜಿ ಇನ್ನೂ ಹಲ್ಲು ತೋರಿಸಿ ನಗ್ತಿದ್ದ ಕಾಲದಲ್ಲಿ, ಜೇಡಿಪುರ ಅಂತ ಒಂದು ಊರಿತ್ತಂತೆ, ಆ ಊರಲ್ಲಿ ನೂರಾ ಒಂದು ಮನೆ ಇದ್ದವಂತೆ, ಊರ ತುದೀಲಿ ಕುಂಬಾರ ಮರಿಶೆಟ್ಟಿ ಅಂತ ಒಬ್ಬ ಇದ್ದನಂತೆ, ಅವನಿಗೆ ತಾಯಿಲ್ಲದ ಮೂರು ಜನ ಮಕ್ಕಳಂತೆ. ದೊಡ್ಡವನು ದಾಸಶೆಟ್ಟಿ, ಅವನ ಗಂಟಲು ಎಷ್ಟು ದೊಡ್ಡದು ಅಂದರೆ ಅವನು ಅಂಗಳದಲ್ಲಿ ಕೆಮ್ಮಿದರೆ ಪಕ್ಕದೂರಲ್ಲಿ ಕಟ್ಟಿದ್ದ ದನ ಎದ್ದು ನಿಲ್ತಿತ್ತಂತೆ. ನಡುವಿನವನು ಮಾದಶೆಟ್ಟಿ, ಮೈಸೂರಲ್ಲಿ ಮಿಠಾಯಿ ಅಂಗಡೀಲಿ ಆರು ತಿಂಗಳು ಕೆಲಸಕ್ಕಿದ್ದು ಬಂದವನು, ಅದಕ್ಕೇ ಮಾತು ಮಾತಿಗೂ ಮೈಸೂರಲ್ಲಿ ಹಿಂಗಿಲ್ಲ ಅಂತಿದ್ದನಂತೆ. ಕೊನೇದು ಹೆಣ್ಣು, ದೇವೀರಿ. ಅಪ್ಪ ತಿಗರಿ ತಿರುಗಿಸಿ ಮಡಕೆ ಎತ್ತಿದರೆ, ಆ ಹಸಿ ಮಡಕೇನ ಹಲಗೇಲಿ ತಟ್ಟಿ ತಟ್ಟಿ ಹದಕ್ಕೆ ತರೋದು ಅವಳ ಕೆಲಸ. ಹುಟ್ಟಿದಾಗಿಂದ ತಟ್ಟಿ ತಟ್ಟಿ ಅವಳ ಕಿವಿ ಎಂಥಾದ್ದಾಗಿತ್ತು ಅಂದರೆ, ಮಡಕೆ ಒಡೆಯೋ ಹಿಂದಿನ ದಿನವೇ ಇದು ನಾಳೆ ಒಡೆಯುತ್ತೆ ಅಂತ ಹೇಳ್ತಿದ್ದಳಂತೆ.

ಜೇಡಿಪುರದಲ್ಲಿ ಒಂದು ಪದ್ಧತಿ ಇತ್ತು, ಅದನ್ನ ಚೆನ್ನಾಗಿ ಕೇಳಿಸ್ಕೋ, ಆಮೇಲೆ ಬೇಕಾಗುತ್ತೆ. ಅಲ್ಲಿ ತಟ್ಟದೆ ಯಾರೂ ಮಡಕೆ ಕೊಳ್ತಿರಲಿಲ್ಲ. ಬೆರಳ ಗೆಣ್ಣಲ್ಲಿ ತಟ್ಟಬೇಕು, ಕಿವಿ ಹತ್ತಿರ ಹಿಡೀಬೇಕು, ಇದೇನು ಇಷ್ಟು ಸೊಟ್ಟಗಿದೆ ಅಂತ ಬಯ್ಯಬೇಕು, ಎರಡು ಸೇರು ರಾಗಿ ಕೇಳಿದರೆ ಅರ್ಧ ಸೇರಿಗೆ ಇಳಿಸಿ ಚೌಕಾಸಿ ಮಾಡಬೇಕು, ಹೊರಟು ಹೋದಂಗೆ ನಾಲ್ಕು ಹೆಜ್ಜೆ ಹಾಕಿ ವಾಪಸ್ಸು ಬರಬೇಕು, ಆಗ ಮಡಕೆ ಮನೆಗೆ ಬರಬೇಕು. ತಟ್ಟದೆ, ಚೌಕಾಸಿ ಇಲ್ಲದೆ, ಮಾತೂ ಇಲ್ಲದೆ ಮನೆಗೆ ಬರೋದು ಒಂದೇ ಒಂದು ಮಡಕೆ, ಅದು ಮನೇಲಿ ಯಾರಾದರೂ ತೀರಿಕೊಂಡಾಗ ಮಣ್ಣಿಗೆ ಒಯ್ಯೋ ಮಡಕೆ. ಅದನ್ನ ಕುಂಬಾರನೇ ಬೆಳಗಿನ ಜಾವ ತಂದು, ಹೊಸಲ ಮುಂದೆ ಇಟ್ಟು, ತುಟಿ ಬಿಚ್ಚದೆ, ತಿರುಗಿ ನೋಡದೆ ಹೋಗಬೇಕು. ಹೆದರ್ಕೋಬೇಡ, ಈ ಕತೇಲಿ ಯಾರೂ ಸಾಯಲ್ಲ. ಸತ್ತೆವು ಅಂದುಕೊಂಡೋರು ಮಾತ್ರ ಬಹಳ ಜನ ಇದಾರೆ.

ಹಿಂಗಿರುವಾಗ ಒಂದು ಮಂಗಳವಾರದ ಸಂತೆಗೆ ಲಚ್ಚಪ್ಪ ಅಂತ ಒಬ್ಬ ಹೊರಗಿನವನು ಗಾಡಿ ತುಂಬ ಮಡಕೆ ಹೇರಿಕೊಂಡು ಬಂದನಂತೆ. ಮಡಕೆಗೆಲ್ಲ ಬಣ್ಣ, ಬಣ್ಣದ ಮೇಲೆ ಗಿಳಿ, ಗಿಳಿ ಬಾಯಲ್ಲಿ ಹೂವು. ಹೆಂಗಸರು ನೋಡಿ ಕಣ್ಣು ಬಿಟ್ಟವರು ಮುಚ್ಚಲೇ ಇಲ್ಲವಂತೆ. ಎಲ್ಲರೂ ಆ ಕಡೆಗೇ ಹೋದರಂತೆ, ಮರಿಶೆಟ್ಟಿ ಮಡಕೆ ಒಂದೂ ಕದಲಲಿಲ್ಲವಂತೆ, ಒಂದು ಸಂತೆ ಆಯ್ತು, ಎರಡಾಯ್ತು, ಮೂರಾಯ್ತು, ಮಡಕೆ ಸುಡೋ ಆವಿಗೆ ತಣ್ಣಗಾಯ್ತು, ಆ ಬೂದೀಲಿ ಬೆಕ್ಕು ಮರಿ ಹಾಕ್ತಂತೆ. ಅದನ್ನ ನೋಡಿ ಮರಿಶೆಟ್ಟಿ ಮೂರೂ ಮಕ್ಕಳನ್ನ ಕರೆದು ಕೂರಿಸಿ, ಇನ್ನು ಮೂರು ಸಂತೆ ನೋಡ್ತೀನಿ, ನಿಮಗೆ ಒಬ್ಬೊಬ್ಬರಿಗೆ ಒಂದೊಂದು, ಮೂರನೇ ಸಂತೆ ಮುಗಿಯೋದರೊಳಗೆ ವ್ಯಾಪಾರ ಕುದುರಲಿಲ್ಲ ಅಂದರೆ ತಿಗರಿ ಅಟ್ಟ ಹತ್ತುತ್ತೆ, ನಾನು ಪರರ ಇಟ್ಟಿಗೆ ಗೂಡಲ್ಲಿ ಇಟ್ಟಿಗೆ ಹೊರೋದಕ್ಕೆ ಹೋಗ್ತೀನಿ ಅಂದನಂತೆ. ಏಳು ತಲೆಯಿಂದ ಆ ತಿಗರಿ ನಿಂತಿದ್ದೇ ಇಲ್ಲ. ಮಕ್ಕಳು ಮೂವರೂ ಅಟ್ಟ ನೋಡಿದರಂತೆ, ಆಮೇಲೆ ಅಪ್ಪನ ಮುಖ ನೋಡಿದರಂತೆ.

ಮೊದಲನೇ ಸಂತೆ ದಾಸಶೆಟ್ಟಿದು. ಅವನು ಅಂದನಂತೆ, ಅಪ್ಪಾ, ನಮ್ಮ ಸರಕು ಒಳ್ಳೇದೇ, ಕೂಗಿ ಹೇಳೋರಿಲ್ಲ ಅಷ್ಟೆ. ದೇವೀರಿ, ಏನಂತ ಕೂಗ್ತೀಯ ದೊಡ್ಡಣ್ಣ ಅಂದಳಂತೆ. ಬಾಯಿಗೆ ಬಂದಿದ್ದು ಕೂಗ್ತೀನಿ, ಕೂಗಕ್ಕೆ ಯಾಕೆ ತೂಕ ಅಂದನಂತೆ. ಸಂತೆಗೆ ಹೋದ, ನಲವತ್ತು ಮಡಕೆ ಸಾಲಾಗಿ ಇಟ್ಟ, ಬನ್ನಿ ಬನ್ನಿ, ಮರಿಶೆಟ್ಟಿ ಮಡಕೆ, ಬಿದ್ದರೂ ಒಡೆಯಲ್ಲ ಅಂತ ಕೂಗಿದ. ಹತ್ತು ಜನ ನಿಂತರು. ಅವನಿಗೆ ಹುರುಪು ಬಂತು, ಗುಂಡು ಕಲ್ಲು ಹಾಕಿದರೂ ಒಡೆಯಲ್ಲ ಅಂದ. ಐವತ್ತು ಜನ ನಿಂತರು. ಆಮೇಲೆ ಸುಮ್ಮನಿರಬೇಕು ತಾನೆ, ಇರಲಿಲ್ಲ, ಆನೆ ತುಳಿದರೂ ಒಡೆಯಲ್ಲ ಅಂದುಬಿಟ್ಟ.

ಈಗ ಹೇಳೋದನ್ನ ನೆನೆದರೆ ನನಗೆ ಇವತ್ತೂ ಮೈ ಜುಮ್ಮನ್ನುತ್ತೆ. ಸರಿಯಾಗಿ ಅದೇ ಹೊತ್ತಿಗೆ ಒಂದು ಮಠದ ಆನೆ ಬಾಳೆಹಣ್ಣು ಕೇಳ್ಕೊಂಡು ಸಂತೆಗೆ ಬಂತಂತೆ. ಊರವರು ಒಬ್ಬರ ಮುಖ ಒಬ್ಬರು ನೋಡಿದರಂತೆ. ಮಾವುತ ಮೇಲಿಂದ, ಏನಂದೆ ಶೆಟ್ಟಿ, ಇನ್ನೊಂದ್ಸಲ ಅನ್ನು ಅಂದನಂತೆ. ದಾಸಶೆಟ್ಟಿಯ ಅಷ್ಟು ದೊಡ್ಡ ಗಂಟಲಿಂದ ಗಾಳಿ ಮಾತ್ರ ಬಂತಂತೆ. ಆನೆ ಕಾಲೆತ್ತಿತು, ಮೊದಲನೇ ಮಡಕೆ ಮೇಲೆ ಇಟ್ಟಿತು, ಪಟ್ ಅಂತು. ಆನೆ ಕಿವಿ ನಿಮಿರಿಸಿತು, ಆ ಸದ್ದು ಅದಕ್ಕೆ ಬಹಳ ಹಿಡಿಸಿತ್ತಂತೆ. ಎರಡನೇದರ ಮೇಲೆ ಇಟ್ಟಿತು, ಮೂರನೇದರ ಮೇಲೆ ಇಟ್ಟಿತು, ಮಾವುತ ಅಂಕುಶ ತೋರಿಸಿದರೂ ಇಲ್ಲ, ಬಾಳೆಹಣ್ಣು ತೋರಿಸಿದರೂ ಇಲ್ಲ, ಪಟ್ ಪಟ್ ಪಟ್ ಅಂತ ನಲವತ್ತು ಮಡಕೇನೂ ತುಳಿದು, ಇನ್ನೂ ಇದೆಯಾ ಅನ್ನೋ ಹಂಗೆ ದಾಸಶೆಟ್ಟಿ ಕಡೆ ನೋಡ್ತಂತೆ. ಜನ ನಗಲೂ ಇಲ್ಲ ಕೂಸೇ, ಅಷ್ಟು ಗಾಬರಿಯಾಗಿದ್ದರು. ಒಬ್ಬ ಮುದುಕ ಮಾತ್ರ, ಇಷ್ಟು ಮೆತ್ತಗಾ ಇವರ ಮಡಕೆ ಅಂದನಂತೆ. ಆನೆ ತುಳಿದರೆ ಬಂಡೆಯೂ ಪುಡಿಯಾಗುತ್ತೆ, ಆದರೆ ಒಡೆಯಲ್ಲ ಅಂತ ಹೇಳಿದವನು ತಾನೇ ಅಲ್ಲವಾ, ಯಾರ ಮೇಲೆ ಸಿಟ್ಟು ಮಾಡ್ತಾನೆ. ದಾಸಶೆಟ್ಟಿ ಚೂರುಗಳನ್ನ ಬುಟ್ಟೀಲಿ ತುಂಬಿಕೊಂಡು ಮನೆಗೆ ಬಂದನಂತೆ.

ನೋಡಿದೆಯಾ, ಅಜ್ಜಿ ಕೆಮ್ಮಲಿಲ್ಲ. ಆನೆ ನಿಜ.

ಎರಡನೇ ಸಂತೆ ಮಾದಶೆಟ್ಟಿದು. ಗಿರಾಕಿ ಸಂತೆಗೆ ಬರಲಿ ಅಂತ ಯಾರು ಕಾಯ್ತಾರೆ, ಮೈಸೂರಲ್ಲಿ ಹಿಂಗಿಲ್ಲ ಅಂತ ಮನಸಲ್ಲೇ ಅಂದುಕೊಂಡನಂತೆ. ಅಲ್ಲಿ ಮಿಠಾಯಿ ಅಂಗಡೀಲಿ ಕೇಳದೆ ಇದ್ದರೂ ಒಂದು ಚೂರು ಕೈಗೆ ಹಾಕ್ತಾರೆ, ಪುಕ್ಕಟೆ, ತಿಂದವನು ಬಾಯಿ ಚಪ್ಪರಿಸಿಕೊಂಡು ಅರ್ಧ ಸೇರು ಕಟ್ಟಿಸ್ತಾನೆ. ನಾವೂ ಮನೆಗೊಂದು ಮಡಕೆ ಪುಕ್ಕಟೆ ಕೊಡಾಣ, ಒಂದು ದಿನ ಅದರಲ್ಲಿ ತಣ್ಣೀರು ಕುಡಿದರೆ ಸಾಕು, ಎರಡನೇದಕ್ಕೆ ಓಡಿ ಬರ್ತಾರೆ. ಕೇಳಕ್ಕೆ ಚೆನ್ನಾಗಿಲ್ಲವಾ. ಈಗಲೂ ಎಷ್ಟೋ ಅಂಗಡಿಯವರು ಮಾಡ್ತಾರೆ, ಒಳ್ಳೇ ಉಪಾಯವೇ. ಉಪಾಯದಲ್ಲಿ ತಪ್ಪಿರಲಿಲ್ಲ, ಮಾದಶೆಟ್ಟಿ ಮಾಡಿದ ರೀತೀಲಿತ್ತು. ಅಪ್ಪನಿಗೂ ತಂಗಿಗೂ ಬೆಳಿಗ್ಗೆ ಎದ್ದಾಗ ಗೊತ್ತಾಗಲಿ ಅಂತ ಅವನು ಯಾರಿಗೂ ಹೇಳಲಿಲ್ಲ. ಸಂತೆ ದಿನ ಕೋಳಿ ಕೂಗೋ ಮುಂಚೆ ಎದ್ದ, ಗಾಡಿ ಕಟ್ಟಿದ, ಮಲಗಿರೋರನ್ನ ಯಾಕೆ ಎಬ್ಬಿಸೋದು ಅಂತ ನೂರಾ ಒಂದು ಮನೆ ಹೊಸಲ ಮುಂದೆ ಒಂದೊಂದು ಮಡಕೆ ಇಟ್ಟ, ಇಟ್ಟವನು ಒಂದು ಮಾತೂ ಆಡದೆ, ಹೊತ್ತಾಯ್ತು ಅಂತ ತಿರುಗಿಯೂ ನೋಡದೆ ಹೊರಟುಬಂದ.

ಗೊತ್ತಾಯ್ತಾ. ಹೂಂ, ನಿನಗೆ ಗೊತ್ತಾಯ್ತು, ಅವನಿಗೆ ಗೊತ್ತಾಗಲಿಲ್ಲ. ಮೈಸೂರಲ್ಲಿ ಆರು ತಿಂಗಳಿದ್ದು ಹುಟ್ಟೂರನ್ನೇ ಮರೆತಿದ್ದ.

ಬೆಳಗಾಯ್ತು. ಪಟೇಲ ಚಿಕ್ಕೇಗೌಡನ ಹೆಂಡತಿ ನೀರು ಹಾಕೋಣ ಅಂತ ಬಾಗಿಲು ತೆಗೆದರೆ ಹೊಸಲ ಮುಂದೆ ಮಡಕೆ. ಕೈಯಲ್ಲಿದ್ದ ತಂಬಿಗೆ ಬಿತ್ತು. ಒಳಗೆ ಪಟೇಲ ಗೊರಕೆ ಹೊಡೀತಿದ್ದವನು, ತಂಬಿಗೆ ಸದ್ದಿಗೆ ಆ ಕ್ಷಣಕ್ಕೆ ಸರಿಯಾಗಿ ಗೊರಕೆ ನಿಲ್ಲಿಸಿಬಿಟ್ಟನಂತೆ. ಅವಳು ಎದೆ ಬಡ್ಕೊಂಡು ಅಯ್ಯೋ ಹೋದರಲ್ಲೋ ಅಂತ ಬಿದ್ದಳಂತೆ. ಪಟೇಲ ಎದ್ದು ಬಂದು, ಯಾರೇ ಹೋದದ್ದು ಅಂದನಂತೆ. ನೀವೇ ಅಂದಳಂತೆ. ನಾನಾ, ಯಾವಾಗ ಅಂತ ಪಟೇಲನೂ ಗಾಬರಿಯಾಗಿ ಅಲ್ಲೇ ಕೂತನಂತೆ. ಪಕ್ಕದ ಮನೇಲೂ ಗೋಳು, ಎದುರು ಮನೇಲೂ ಗೋಳು. ಒಬ್ಬರು ಅತ್ತೇನ ಅಲುಗಾಡಿಸಿ ನೋಡ್ತಾರೆ, ಒಬ್ಬರು ತೊಟ್ಟಿಲಿಗೆ ಓಡ್ತಾರೆ, ಊರಿಗೆ ಹೋದ ಗಂಡನಿಗೆ ಏನಾಯ್ತೋ ಅಂತ ಒಬ್ಬಳು ಬರಿಗಾಲಲ್ಲಿ ಹೊರಟಿದಾಳೆ. ಇಡೀ ಊರು ಅತ್ತಿತು ಕೂಸೇ, ಯಾರಿಗಾಗಿ ಅಂತ ಒಬ್ಬರಿಗೂ ಗೊತ್ತಿಲ್ಲ.

ಇನ್ನು ಸಣ್ಣಮ್ಮಜ್ಜಿ. ತೊಂಬತ್ತು ದಾಟಿತ್ತು, ಬಾಯಲ್ಲಿ ಎರಡು ಹಲ್ಲು, ಕೈಯಲ್ಲಿ ಒಂದು ಕೋಲು. ಅವಳು ಮಡಕೆ ನೋಡಿ ನಿಧಾನಕ್ಕೆ ಯೋಚನೆ ಮಾಡಿದಳಂತೆ, ಈ ಮನೇಲಿರೋದು ನಾನೊಬ್ಬಳೇ, ಅಂದ ಮೇಲೆ ಹೋಗಿರೋದು ನಾನೇ ಇರಬೇಕು. ಸರಿ ಅಂತ ಒಗೆದ ಸೀರೆ ಉಟ್ಟು, ಜಗಲಿ ಮೇಲೆ ಚಾಪೆ ಹಾಸಿ, ಕೈ ಎದೆ ಮೇಲಿಟ್ಕೊಂಡು ಮಲಗಿದಳಂತೆ. ಎಲ್ಲರೂ ಅವರವರ ಮನೇಲಿ ಅಳ್ತಿದ್ದರು, ಅವಳ ಹತ್ತಿರ ಒಬ್ಬರೂ ಬರಲಿಲ್ಲ. ಈ ಊರಿಗೆ ಇಷ್ಟು ಮಾಡಿದೆ, ಎತ್ತಕ್ಕೆ ನಾಲ್ಕು ಜನ ಬರಲಿಲ್ಲವಲ್ಲ ಅಂತ ಬೇಜಾರಾಯ್ತಂತೆ. ಮಧ್ಯಾಹ್ನ ಹೊಟ್ಟೆ ಚುರುಗುಟ್ಟಿತಂತೆ, ಸತ್ತೋರಿಗೆ ಮುದ್ದೆ ಜ್ಞಾಪಕ ಬರೋದುಂಟಾ ಅಂತ ಆಗ ಅನುಮಾನ ಬಂದು ಎದ್ದು ಕೂತಳಂತೆ.

ಆಮೇಲೆ ಇದು ಮಾದಶೆಟ್ಟಿ ಕೆಲಸ ಅಂತ ಊರಿಗೆಲ್ಲ ತಿಳೀತು. ಬಯ್ತಾರೆ ಅಂದುಕೊಂಡರೆ ಬಯ್ಯಲಿಲ್ಲ, ಅದೇ ಭಯ. ನೂರಾ ಒಂದು ಮನೆಯವರೂ ಮಡಕೆ ತಂದು ಮರಿಶೆಟ್ಟಿ ಬಾಗಿಲಲ್ಲಿ ಇಟ್ಟು, ಮಾತಾಡದೆ, ತಿರುಗಿ ನೋಡದೆ ಹೋದರಂತೆ. ಮರಿಶೆಟ್ಟಿ ಆ ರಾಶಿ ನೋಡ್ತಾ ಕೂತವನು ಕೂತೇ ಇದ್ದನಂತೆ. ಮಗನೇ, ಊರಿಗೇ ಸಾವಿನ ಮಡಕೆ ಇಟ್ಟುಬಂದೆಯಲ್ಲೋ ಅಂದನಂತೆ, ಅಷ್ಟೇ. ಇನ್ನು ಈ ಮನೆ ಮಣ್ಣನ್ನ ಯಾರು ಮುಟ್ತಾರೆ. ಮರಿಶೆಟ್ಟಿ ಎದ್ದು ಅಟ್ಟಕ್ಕೆ ಏಣಿ ತಂದು ಒರಗಿಸಿದನಂತೆ.

ದೇವೀರಿ ಏಣಿಗೆ ಅಡ್ಡ ನಿಂತಳಂತೆ. ಅಪ್ಪಯ್ಯ, ನನ್ನ ಸಂತೆ ಇನ್ನೂ ಬಾಕಿ ಇದೆ ಅಂದಳಂತೆ. ಹೊಸ ಮಡಕೆ ಎಲ್ಲಿದೆ ಮಗಳೇ ಅಂದನಂತೆ. ಹೊಸದು ಬೇಡ, ಇವೇ ಸಾಕು ಅಂತ ಬಾಗಿಲಲ್ಲಿದ್ದ ರಾಶಿ ತೋರಿಸಿದಳಂತೆ. ಅಣ್ಣಂದಿರಿಬ್ಬರೂ ಬೆಚ್ಚಿಬಿದ್ದರು. ಸಾವಿನ ಮಡಕೇನ ಸಂತೇಲಿ ಮಾರ್ತೀಯಾ, ನಿನಗೇನಾದರೂ ಬಡಿದಿದೆಯಾ ಅಂದರಂತೆ.

ಮೂರನೇ ಸಂತೆ ಬಂತು. ಏಣಿ ಅಟ್ಟಕ್ಕೆ ಒರಗಿಕೊಂಡೇ ಇದೆ. ದೇವೀರಿ ನೂರಾ ಒಂದು ಮಡಕೇನೂ ಗಾಡೀಲಿ ಹೇರಿಕೊಂಡು ಬಂದು ಸಂತೆ ನಡುವೆ ಇಳಿಸಿಕೊಂಡು ಕೂತಳಂತೆ. ಜನ ಸೆರಗು ಬಾಯಿಗಿಟ್ಕೊಂಡು ಆಚೆ ಬದಿಯಿಂದ ಓಡಾಡಿದರು. ದೇವೀರಿ ಕೂಗಲಿಲ್ಲ, ಕರೀಲಿಲ್ಲ, ಪುಕ್ಕಟೆ ಅನ್ನಲಿಲ್ಲ, ಸುಮ್ಮನೆ ಕೂತಳು. ಬಿಸಿಲು ನೆತ್ತಿಗೆ ಬಂತು. ಆಗ ಕೋಲು ಕುಟ್ಕೊಂಡು ಸಣ್ಣಮ್ಮಜ್ಜಿ ಬಂದಳಂತೆ, ಕೊಳ್ಳಕ್ಕಲ್ಲ, ಜಗಳಕ್ಕೆ.

ಏನೇ, ನನಗೆ ಇರೋವಾಗಲೇ ಮಡಕೆ ಕಳಿಸಿದಿರಲ್ಲ, ಅಷ್ಟು ಅವಸರ ಏನಿತ್ತೇ ನಿಮಗೆ ಅಂದಳಂತೆ. ದೇವೀರಿ ಎದ್ದು ಕಾಲಿಗೆ ಬಿದ್ದಳಂತೆ. ತಪ್ಪಾಯ್ತು ಅಜ್ಜಿ, ನಮ್ಮಣ್ಣ ತಿಳೀದೆ ಮಾಡಿದ, ಬಯ್ಯಿ, ಹೊಟ್ಟೆ ತುಂಬ ಬಯ್ಯಿ, ಆದರೆ ಬಯ್ತಾ ಬಯ್ತಾ ಒಂದು ಮಡಕೆ ತಟ್ಟಿಬಿಡು ಅಂದಳಂತೆ. ನಾನ್ಯಾಕೆ ತಟ್ಟಲಿ ಅಂದಳು ಅಜ್ಜಿ. ಅನ್ನೋಷ್ಟರಲ್ಲಿ ಕೈ ಮುಂದೆ ಹೋಗಿತ್ತು. ಎಂಬತ್ತು ವರ್ಷ ತಟ್ಟಿದ ಬೆರಳು, ಎದುರಿಗೆ ಮಡಕೆ ಇದ್ದರೆ ಯಜಮಾನಿ ಮಾತು ಕೇಳುತ್ತಾ.

ಮೊದಲನೇ ಮಡಕೆ ಬದ್ ಅಂತು. ದೇವೀರಿ ಅಂದಳಂತೆ, ಇದು ಸರಿಯಾಗಿ ಬೆಂದಿಲ್ಲ ಅಜ್ಜಿ, ಎರಡು ತಿಂಗಳೂ ಬರಲ್ಲ, ಬೇಡ. ಅಂದವಳು ಅದನ್ನ ಎತ್ತಿ ಎಲ್ಲರೆದುರಿಗೇ ನೆಲಕ್ಕೆ ಹಾಕಿ ಒಡೆದಳಂತೆ. ಸಂತೇಲಿ ತಕ್ಕಡಿಗಳು ಹಂಗಂಗೇ ನಿಂತವು. ತನ್ನ ಸರಕನ್ನ ತಾನೇ ಒಡೆಯೋ ವ್ಯಾಪಾರಗಾರನ್ನ ಆ ಊರು ಕಂಡಿರಲಿಲ್ಲ. ಆಚೆ ಬದಿಯಲ್ಲಿದ್ದೋರು ನಾಲ್ಕು ಹೆಜ್ಜೆ ಈಚೆಗೆ ಬಂದರು.

ಎರಡನೇ ಮಡಕೆ ಟಕ್ ಅಂತು. ಏನಕ್ಕಜ್ಜಿ ನಿನಗೆ ಅಂತ ದೇವೀರಿ ಕೇಳಿದಳಂತೆ. ಕಾಳು ಹಾಕಿಡಕ್ಕೆ ಅಂದಳು ಅಜ್ಜಿ. ಕಾಳಿಗಾದರೆ ನಮ್ಮದು ಬೇಡ, ಭಾರ, ನಿನಗೆ ಎತ್ತಿಡಕ್ಕಾಗಲ್ಲ, ಅಗೋ ಆ ಲಚ್ಚಪ್ಪನ ಗಾಡೀಲಿ ಗಿಳಿ ಬರೆದಿರೋದು ತಗೋ, ಹಗುರ, ಅದೇ ವಾಸಿ ಅಂದಳಂತೆ. ಇದನ್ನ ಕೇಳಿ ಲಚ್ಚಪ್ಪ ತಿನ್ನುತ್ತಿದ್ದ ಕಡ್ಲೆಪುರಿ ಗಂಟಲಿಗೆ ಸಿಕ್ಕಿಕೊಂಡಿತು. ಅಜ್ಜಿಯೂ ತಬ್ಬಿಬ್ಬಾದಳು. ನಿನ್ನಪ್ಪನಿಗೆ ಗೊತ್ತೇನೇ ನೀನು ಹಿಂಗೆ ವ್ಯಾಪಾರ ಮಾಡ್ತಿರೋದು ಅಂದಳಂತೆ. ಜನದ ಹಿಂದೆ ನಿಂತಿದ್ದ ಮರಿಶೆಟ್ಟಿ ಹಣೆ ಹಿಡ್ಕೊಂಡಿದ್ದನಂತೆ.

ಮೂರನೇದನ್ನ ದೇವೀರಿ ತಾನೇ ಹುಡುಕಿ ಎತ್ತಿ ಕೊಟ್ಟಳಂತೆ. ಅಜ್ಜಿ ತಟ್ಟಿದಳು. ಟಣ್ಣ್ ಅಂತು ನೋಡು, ಗುಡಿ ಗಂಟೆ ಅಂದುಕೊಂಡು ದೂರದಲ್ಲಿದ್ದ ಇಬ್ಬರು ಕೈ ಮುಗಿದರಂತೆ. ಇದು ನೀರಿಗೆ, ಬೇಸಿಗೇಲಿ ಹಲ್ಲು ಜುಮ್ಮನ್ನೋಷ್ಟು ತಣ್ಣಗಿಡುತ್ತೆ, ಎರಡು ಹಲ್ಲಿಗೆ ಅಷ್ಟು ಸಾಕಲ್ಲವಾ ಅಜ್ಜಿ, ಎರಡು ಸೇರು ರಾಗಿ ಅಂದಳಂತೆ.

ಎರಡು ಸೇರಾ ಅಂದಳು ಅಜ್ಜಿ, ಅವಳ ಬೆನ್ನು ನೆಟ್ಟಗಾಯ್ತಂತೆ. ಇದರ ಕುತ್ತಿಗೆ ನೋಡು, ನಿಮ್ಮಣ್ಣನ ಬುದ್ಧಿ ಇದ್ದಂಗೆ ಸೊಟ್ಟ, ಅರ್ಧ ಸೇರು ಕೊಡ್ತೀನಿ. ಅರ್ಧ ಸೇರಿಗೆ ಕುತ್ತಿಗೆ ಮಾತ್ರ ಬರುತ್ತೆ, ಹೊಟ್ಟೆ ಇಲ್ಲೇ ಬಿಟ್ಟು ಹೋಗು ಅಂದಳು ದೇವೀರಿ. ಅಜ್ಜಿ ಹೊರಟು ನಾಲ್ಕು ಹೆಜ್ಜೆ ಹೋದಳು, ಬಂದಳು, ಮುಕ್ಕಾಲು ಅಂದಳು. ನೆರಳು ಮರದ ಈ ಬದಿಯಿಂದ ಆ ಬದಿಗೆ ಹೋಯ್ತು. ಅರ್ಧ ಸಂತೆ ಅಜ್ಜಿ ಕಡೆ, ಅರ್ಧ ಸಂತೆ ದೇವೀರಿ ಕಡೆ. ಕೊನೆಗೆ ಒಂದೂವರೆ ಸೇರಿಗೆ, ಮೇಲೊಂದು ಮುಚ್ಚಳಕ್ಕೆ ಒಪ್ಪಂದ ಆಯ್ತಂತೆ.

ಆಗ ದೇವೀರಿ ಎಲ್ಲರಿಗೂ ಕೇಳೋ ಹಂಗೆ ಅಂದಳಂತೆ, ಅಜ್ಜಿ, ತಟ್ಟಿದ್ದಾಯ್ತು, ಚೌಕಾಸಿ ಆಯ್ತು, ಬಯ್ದಿದ್ದು ಊರಿಗೇ ಕೇಳಿಸ್ತು, ಇನ್ನು ನೀನೇ ಹೇಳು, ಇದು ಹೋದೋರ ಮಡಕೆಯಾ, ಇರೋರ ಮಡಕೆಯಾ.

ಮರಿಶೆಟ್ಟಿ ಕಣ್ಣು ಮುಚ್ಕೊಂಡ. ಸಣ್ಣಮ್ಮಜ್ಜಿ ಮಡಕೇನ ಸೊಂಟಕ್ಕೇರಿಸಿ, ಸುತ್ತ ಒಂದ್ಸಲ ನೋಡಿ, ನಾನು ಇದೀನಿ ಕಣ್ರೋ ಅಂದಳಂತೆ. ಅಷ್ಟೇ ಅಂದು, ಪಟೇಲನ ಕಡೆ ತಿರುಗಿ, ನೀನು ಇದೀಯೇನೋ ಚಿಕ್ಕೇಗೌಡ, ಇದ್ದರೆ ಬಂದು ತಟ್ಟು ಅಂದಳಂತೆ. ಪಟೇಲ ತಾನು ಇರೋದನ್ನ ತೋರಿಸಬೇಕಲ್ಲ, ಬಂದು ತಟ್ಟಿದ. ಅವನ ಹೆಂಡತಿ, ಸರಿಯಾಗಿ ಬಯ್ದು ತಗೊಳ್ಳಿ, ಹೋದ ವಾರ ನನ್ನನ್ನ ಅಳಿಸಿದ ಮಡಕೆ ಅದು ಅಂದಳು. ಆಮೇಲೆ ತಡೆಯೋರು ಯಾರು, ನೂರಾ ಒಂದು ಮನೆಯವರೂ ನುಗ್ಗಿದರು, ತಾವು ಬದುಕಿರೋದು ಒಬ್ಬೊಬ್ಬರಿಗೂ ಗಟ್ಟಿಯಾಗಬೇಕಿತ್ತು. ಟಣ್ ಟಣ್ ಟಣ್ ಅಂತ ಸಂಜೆವರೆಗೂ ಸಂತೆ ಗಂಟೆ ಬಾರಿಸಿದಂಗೆ ಬಾರಿಸ್ತಂತೆ. ಬೇಯದ್ದನ್ನ ದೇವೀರಿ ಒಡೀತಾ ಹೋದಳು, ಕಾಳು ಉಪ್ಪು ಅಂದೋರನ್ನ ಲಚ್ಚಪ್ಪನ ಗಾಡಿಗೆ ಕಳಿಸಿದಳು, ನೀರಿನದನ್ನ ಮಾತ್ರ ಮಾರಿದಳು. ಲಚ್ಚಪ್ಪ ತಲೆ ಕೆಟ್ಟು ಓಡಿಬಂದು, ಏನಮ್ಮಾ ನಿನ್ನ ಲೆಕ್ಕಾಚಾರ, ಯಾಕೆ ನನಗೆ ಗಿರಾಕಿ ಕಳಿಸ್ತೀಯ ಅಂದನಂತೆ. ಕಾಳಿಗೆ ನಿಂದು ಚೆನ್ನಾಗಿದೆ, ಅದಕ್ಕೆ ಅಂದಳಂತೆ. ಅಷ್ಟರಲ್ಲಿ ಒಬ್ಬಳು ಗಿಳಿ ಮಡಕೇಲಿ ನೀರು ತಣ್ಣಗಿರುತ್ತಾ ಅಂತ ಕೇಳಿದಳು, ಲಚ್ಚಪ್ಪ ಗಾಬರೀಲಿ, ಇಲ್ಲಮ್ಮ ಸೋರುತ್ತೆ, ನೀರಿಗೆ ಇವಳ ಹತ್ತಿರವೇ ತಗೋ ಅಂದುಬಿಟ್ಟನಂತೆ. ಹುಟ್ಟಿದಾಗಿಂದ ಗಿರಾಕಿಗೆ ನಿಜ ಹೇಳಿದ್ದು ಅದೇ ಮೊದಲಂತೆ, ಹೇಳಿದ ಮೇಲೆ ಬೆವರಿದನಂತೆ.

ಸಂಜೆ ಗಾಡಿ ಖಾಲಿ. ಮರಿಶೆಟ್ಟಿ ಮನೆಗೆ ಬಂದು ಅಟ್ಟದ ಏಣಿ ತೆಗೆದು, ತಿಗರಿ ಒರೆಸಿ, ಅದರ ಮುಂದೆ ಮಗಳ ಕೈ ಹಿಡಿದು ಕೂರಿಸಿದನಂತೆ. ಹೆಣ್ಣುಮಗಳು ತಿಗರಿ ಮುಟ್ಟೋದಾ ಅಂತ ಊರು ಮತ್ತೊಂದ್ಸಲ ಬೆಚ್ಚಿತಂತೆ, ಆದರೆ ಆ ತಿಂಗಳು ಬೆಚ್ಚಿ ಬೆಚ್ಚಿ ಜನಕ್ಕೂ ಸುಸ್ತಾಗಿತ್ತು, ಎರಡು ದಿನಕ್ಕೆ ಸುಮ್ಮನಾದರು. ಅಣ್ಣಂದಿರನ್ನ ದೇವೀರಿ ಬಿಡಲಿಲ್ಲ. ದೊಡ್ಡಣ್ಣ, ಆ ಗಂಟಲು ಸುಮ್ಮನಿರಬಾರದು, ಕೂಗು, ಆದರೆ ನಿಜ ಕೂಗು ಅಂದಳಂತೆ. ದಾಸಶೆಟ್ಟಿ ಮುಂದಿನ ಸಂತೆಯಿಂದ, ಮರಿಶೆಟ್ಟಿ ಮಡಕೆ, ಬಿದ್ದರೆ ಒಡೆಯುತ್ತೆ, ಭದ್ರವಾಗಿ ಹಿಡ್ಕೊಳ್ಳಿ ಅಂತ ಕೂಗಿದನಂತೆ, ಅದನ್ನ ಕೇಳಕ್ಕೇ ಏಳು ಊರಿಂದ ಜನ ಬಂದರಂತೆ. ಮಾದಶೆಟ್ಟಿ ಮನೆಮನೆಗೆ ಮಡಕೆ ಒಯ್ಯೋದನ್ನೇ ಕೆಲಸ ಮಾಡ್ಕೊಂಡನಂತೆ, ಆದರೆ ಬೆಳಕು ಹರಿದ ಮೇಲೆ ಹೋಗಿ, ಬೀದಿ ತುದಿಯಿಂದಲೇ ಹೆಸರು ಹಿಡಿದು ಕರೆದು, ಮಡಕೆ ಕೆಳಗಿಡೋ ಮುಂಚೆ ಬಾಗಿಲಲ್ಲಿ ನಿಂತು ಅರ್ಧ ಗಂಟೆ ಬಯ್ಸಿಕೊಂಡು ಬರ್ತಿದ್ದನಂತೆ. ಆವಿಗೇಲಿದ್ದ ಬೆಕ್ಕು ಮರಿಗಳನ್ನ ಎತ್ತಿಕೊಂಡು ಅಟ್ಟಕ್ಕೆ ಹೋಯ್ತಂತೆ, ಅಟ್ಟ ಹೆಂಗೂ ಖಾಲಿ ಇತ್ತಲ್ಲ.

ತಿಗರಿ ಅಟ್ಟ ಹತ್ತಲಿಲ್ಲ, ಬೆಕ್ಕು ಹತ್ತಿತು, ಅದರ ಹಿಂದೆಯೇ ಕತೆಯೂ ಹತ್ತಿ ಮಲಗ್ತು. ಇನ್ನು ನೀನು.

ಯಾಕೆ ಎದ್ದು ಕೂತೆ. ಅಜ್ಜಿ ಕೆಮ್ಮಿದಳಾ. ಅದು ಗಂಟಲು ಕಟ್ಟಿರೋ ಕೆಮ್ಮು, ಮಲಗು. ಮತ್ತೆ ಕೆಮ್ಮಿದಳಾ. ಆಗಲಿ ಒಪ್ಕೋತೀನಿ, ಒಂದು ಚೂರು ನಾನು ಸೇರಿಸಿದ್ದು. ಮಠದ ಆನೆ ನಿಜ, ಸಣ್ಣಮ್ಮಜ್ಜಿ ನಿಜ, ಗೊರಕೆ ನಿಜ. ಆನೆ ನಲವತ್ತು ಮಡಕೆ ಒಡೀತು ಅಂದೆನಲ್ಲ, ಅದೊಂದು ಸುಳ್ಳು. ಒಡೆದದ್ದು ಮೂವತ್ತೊಂಬತ್ತು. ಒಂದರ ಮೇಲೆ ಅದು ಕಾಲಿಡಲೇ ಇಲ್ಲ, ಅದನ್ನ ದೇವೀರಿ ಗಂಡನ ಮನೆಗೆ ಒಯ್ದಳು, ಆಮೇಲೆ ಮಗಳಿಗೆ ಕೊಟ್ಟಳು, ಆ ಮಗಳು ತನ್ನ ಮಗಳಿಗೆ ಕೊಟ್ಟಳು, ಹಂಗೇ ಕೈ ದಾಟಿ ನಮ್ಮನೆಗೆ ಬಂತು, ಅಡುಗೆಮನೆ ಮೂಲೇಲಿ ನಿಮ್ಮಮ್ಮ ನೀರು ತುಂಬಿಡ್ತಾಳಲ್ಲ, ಅದೇ. ಬೆಳಿಗ್ಗೆ ಎದ್ದು ತಟ್ಟಿ ನೋಡು. ನೀರು ತುಂಬಿರೋವಾಗ ತಟ್ಟಬೇಡ, ಸದ್ದು ಬರಲ್ಲ, ಆಮೇಲೆ ಮಾವ ಸುಳ್ಳು ಹೇಳಿದ ಅಂತೀಯ.